ಸೂಜಿಯ ತಲೆನೋವು, ಸೋಂಕಿನ ತಲೆನೋವು

ಗುರುವಾರ ನಮ್ಮ ಕಡೆ ಲಸಿಕೆಯ ದಿನ. ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ಸೂಜಿ ಹಾಕಿಸಿಕೊಂಡು ಹೋದ ಮಕ್ಕಳಲ್ಲಿ ಕೆಲವರನ್ನು ಶುಕ್ರವಾರ ಬೆಳಿಗ್ಗೆ ಅಮ್ಮಂದಿರು ಮತ್ತೆ ಕರೆದುಕೊಂಡು ಬರುತ್ತಾರೆ. "ರಾತ್ರಿಯೆಲ್ಲ ಮೈ ಸುಡ್ತಿತ್ರಿ. ತಲಿ ಸಿಡೀತೈತಿ ಅಂತ ಅಳ್ತಾನ. ಸೂಜಿ ನಂಜಾಗೇತೇನ್ರಿ?" ಕಣ್ಣಲ್ಲಿ ನಿದ್ದೆಯಿಲ್ಲ, ದನಿಯಲ್ಲಿ ಭಯ. ಮಗುವನ್ನು ನೋಡಿದರೆ ಅದು ಆಗಲೇ ಬಿಸ್ಕತ್ತು ತಿನ್ನುತ್ತ ಕೂತಿರುತ್ತದೆ.

ಮಳೆಗಾಲದಲ್ಲಿ ಬರುವ ತಂದೆ-ತಾಯಿ ಬೇರೆ. ಮಗುವಿಗೆ ಮೂರು ದಿನದಿಂದ ಜ್ವರ, ತಲೆನೋವು, ನಿನ್ನೆಯಿಂದ ವಾಂತಿ, ಇವತ್ತು ಮಂಕು. "ವೈರಲ್ ಜ್ವರ ಅಂದ್ಕೊಂಡ್ವಿ, ಇಳೀತೈತಿ ಅಂತ ಕಾದ್ವಿ" ಎನ್ನುತ್ತಾರೆ.

ಇಷ್ಟು ವರ್ಷ ಮಕ್ಕಳನ್ನು ನೋಡುತ್ತ ನನ್ನನ್ನು ಕಾಡಿದ್ದು ಇದೇ: ಧೈರ್ಯವಾಗಿರಬಹುದಾದ ತಲೆನೋವಿಗೆ ನಾವು ಹೆದರುತ್ತೇವೆ, ಎಚ್ಚರಗೊಳ್ಳಬೇಕಾದ ತಲೆನೋವಿಗೆ ಕಾಯುತ್ತೇವೆ. ಈ ಎರಡನ್ನು ಬೇರೆ ಮಾಡಿ ನೋಡಲು ಯಂತ್ರ ಬೇಕಿಲ್ಲ. ನೋವು ಯಾವಾಗ ಶುರುವಾಯಿತು, ಅದರ ಜೊತೆಗೆ ಏನೇನಿದೆ, ಅದು ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬ ಮೂರು ಪ್ರಶ್ನೆ ಸಾಕು. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ತಾಯಂದಿರು ಈ ಮೂರನ್ನು ಕಲಿತುಕೊಂಡರೆ ಅರ್ಧ ಭಯ ಕಡಿಮೆಯಾಗುತ್ತದೆ, ಅರ್ಧ ಅಪಾಯವೂ ತಪ್ಪುತ್ತದೆ.

ತಲೆ ಯಾಕೆ ನೋಯುತ್ತದೆ?

ಮಿದುಳಿಗೆ ತನ್ನದೇ ಆದ ನೋವಿನ ಅರಿವಿಲ್ಲ. ನೋಯುವುದು ಅದನ್ನು ಸುತ್ತಿಕೊಂಡ ಪೊರೆ, ಅಲ್ಲಿನ ರಕ್ತನಾಳ, ಕತ್ತು ಮತ್ತು ನೆತ್ತಿಯ ಸ್ನಾಯು. ವೈರಸ್ ಒಳಹೊಕ್ಕಾಗ ರಕ್ತದ ಬಿಳಿ ಕಣಗಳು ಕೆಲವು ರಾಸಾಯನಿಕಗಳನ್ನು ಸ್ರವಿಸಿ ಮೈಯನ್ನೆಲ್ಲ ಎಚ್ಚರಿಸುತ್ತವೆ. ಆ ಸುದ್ದಿ ಮಿದುಳಿನೊಳಗಿನ ಉಷ್ಣ ನಿಯಂತ್ರಣದ ಕೇಂದ್ರಕ್ಕೆ ಮುಟ್ಟಿದಾಗ ಜ್ವರ ಏರುತ್ತದೆ. ಅದೇ ರಾಸಾಯನಿಕಗಳು ನರಗಳ ನೋವಿನ ಅರಿವನ್ನು ಚುರುಕು ಮಾಡುವುದರಿಂದ ಮೈಕೈ ನೋವು, ತಲೆನೋವು ಬರುತ್ತವೆ. ಜ್ವರದಲ್ಲಿ ಮಗು ನೀರು ಕುಡಿಯದೆ, ಊಟ ಬಿಟ್ಟು ಮಲಗಿದರೆ ನೋವು ಇನ್ನೂ ಹೆಚ್ಚು.

ಲಸಿಕೆಯಲ್ಲಿ ನಡೆಯುವುದೂ ಬಹುಪಾಲು ಇದೇ. ನಮ್ಮ ಊರುಗಳ ಬಯಲಾಟ ನೆನೆಸಿಕೊಳ್ಳಿ. ಆಟದ ರಾತ್ರಿಗೆ ಮುಂಚೆ ವಾರಗಟ್ಟಲೆ ತಾಲೀಮು ನಡೆಯುತ್ತದೆ. ತಾಲೀಮಿನಲ್ಲಿ ಕತ್ತಿ ಮರದ್ದು, ಯುದ್ಧ ನಿಜವಲ್ಲ. ಆದರೂ ಕುಣಿದವರ ಕಾಲು ಮರುದಿನ ಹಿಡಿದುಕೊಳ್ಳುತ್ತದೆ, ಹಾಡಿದವರ ಕಂಠ ಕಟ್ಟುತ್ತದೆ. ಲಸಿಕೆ ಅಂಥ ತಾಲೀಮು. ಕೊಂದ ಅಥವಾ ಬಲ ತೆಗೆದ ರೋಗಾಣುವನ್ನು ತೋರಿಸಿ, ನಿಜವಾದ ಶತ್ರು ಬಂದಾಗ ಏನು ಮಾಡಬೇಕೆಂದು ಮೈಗೆ ಕಲಿಸುತ್ತದೆ. ಆ ಒಂದೆರಡು ದಿನದ ಜ್ವರ, ತಲೆನೋವು ತಾಲೀಮಿನ ದಣಿವು. ಎಲ್ಲ ಮಕ್ಕಳಿಗೂ ಅದು ಬರಲೇಬೇಕೆಂದಿಲ್ಲ. ಜ್ವರ ಬರದ ಮಗುವಿಗೂ ಲಸಿಕೆ ಕೆಲಸ ಮಾಡಿರುತ್ತದೆ.

ಸೂಜಿಯ ತಲೆನೋವಿಗೆ ಒಂದು ಲೆಕ್ಕವಿದೆ

ಹಾಲು ಕುಡಿಯುವ ಕೂಸು ತಲೆನೋವು ಎಂದು ಹೇಳಲಾರದು. ರಚ್ಚೆ ಹಿಡಿಯುತ್ತದೆ, ಎತ್ತಿಕೊಂಡರೆ ಸುಮ್ಮನಾಗುತ್ತದೆ. ಬಾಯಿಬಿಟ್ಟು ಹೇಳುವವರು 5 ವರ್ಷದ ಬೂಸ್ಟರ್ ಪಡೆದವರು, 10 ಮತ್ತು 16ನೇ ವಯಸ್ಸಿನಲ್ಲಿ ಧನುರ್ವಾಯು-ಗಂಟಲಮಾರಿ ತಡೆಯುವ ಟಿಡಿ ಲಸಿಕೆ ಪಡೆದವರು. ಈ ಲಸಿಕೆಗಳಿಂದ ತಲೆನೋವು ಬರುವುದಾದರೆ ಸಾಮಾನ್ಯವಾಗಿ ಮೊದಲ 24 ಗಂಟೆಯೊಳಗೆ ಬರುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ. ಮೂರನೆಯ ದಿನಕ್ಕೆ ಮಗು ಮತ್ತೆ ಬೀದಿಯಲ್ಲಿ ಆಡುತ್ತಿರಬೇಕು.

ದಡಾರ-ರುಬೆಲ್ಲಾ ಲಸಿಕೆಯ ಲೆಕ್ಕ ಬೇರೆ. ಅದರಲ್ಲಿರುವುದು ಬಲ ಕುಗ್ಗಿಸಿದ ಜೀವಂತ ವೈರಸ್. ಅದು ಮೈಯಲ್ಲಿ ಸ್ವಲ್ಪ ಬೆಳೆದ ಮೇಲೆ, ಅಂದರೆ ಸೂಜಿಯಾಗಿ 5ರಿಂದ 12 ದಿನಗಳ ನಡುವೆ ಜ್ವರ, ಕೆಲವರಿಗೆ ತೆಳು ಗಂಧೆ ಬರಬಹುದು. "ಹತ್ತು ದಿನದ ಹಿಂದಿನ ಸೂಜಿ ಈಗ ಯಾಕೆ ಜ್ವರ ತಂತು?" ಎಂದು ಕೇಳುವವರಿಗೆ ಉತ್ತರ ಇದು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಇದೇ ಲಸಿಕೆಯ ಅಭಿಯಾನ ನಡೆದದ್ದು ನಿಮಗೆ ನೆನಪಿರಬಹುದು.

ಶಾಲೆಯಲ್ಲಿ ಲಸಿಕೆ ಹಾಕುವ ದಿನ ಇನ್ನೊಂದು ಬಗೆಯ ತಲೆನೋವನ್ನು ನೋಡುತ್ತೇವೆ. ಬೆಳಿಗ್ಗೆ ಉಪ್ಪಿಟ್ಟು ತಿನ್ನದೆ ಬಂದ ಹುಡುಗಿ, ಬಿಸಿಲಲ್ಲಿ ಸಾಲು, ಮುಂದಿನವಳ ಅಳು, ಔಷಧದ ವಾಸನೆ. ಸೂಜಿ ತಾಗಿದ ಕೆಲವೇ ನಿಮಿಷದಲ್ಲಿ ತಲೆ ಸುತ್ತು, ತಲೆನೋವು, ಕಣ್ಣು ಕತ್ತಲೆ. ಒಬ್ಬಳು ಕುಸಿದರೆ ಅದನ್ನು ಕಂಡ ಮೂವರು ಕುಸಿಯುತ್ತಾರೆ. ಇದು ನಟನೆಯಲ್ಲ, ಭಯವೇ ಮೈಯಲ್ಲಿ ನಾಡಿ, ಉಸಿರು, ರಕ್ತದೊತ್ತಡವನ್ನು ಏರುಪೇರು ಮಾಡಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಲಸಿಕೆಯ ಸಂದರ್ಭದ ಒತ್ತಡದ ಪ್ರತಿಕ್ರಿಯೆ ಎಂದು ಗುರುತಿಸಿದೆ. 2014ರಲ್ಲಿ ಕೊಲಂಬಿಯಾ ದೇಶದ ಎಲ್ ಕಾರ್ಮೆನ್ ದೆ ಬೊಲೀವರ್ ಎಂಬ ಊರಿನಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಪಡೆದ ನೂರಾರು ಹುಡುಗಿಯರು ತಲೆನೋವು, ಮೂರ್ಛೆ ಎಂದು ಆಸ್ಪತ್ರೆ ಸೇರಿದರು. ತನಿಖೆಯಲ್ಲಿ ಲಸಿಕೆಯ ದೋಷ ಕಾಣಲಿಲ್ಲ, ಆದರೆ ಆ ಮಕ್ಕಳ ಸಂಕಟ ನಿಜವಾಗಿತ್ತು. ಆದ್ದರಿಂದ ಲಸಿಕೆಯ ದಿನ ಮಗುವಿಗೆ ಹೊಟ್ಟೆ ತುಂಬ ತಿನ್ನಿಸಿ, ನೀರು ಕುಡಿಸಿ ಕಳಿಸಿ. ಸೂಜಿಯಾದ ಮೇಲೆ ಅರ್ಧ ಗಂಟೆ ನೆರಳಿನಲ್ಲಿ ಕೂರಿಸಿಕೊಳ್ಳಲು ಶಿಕ್ಷಕರಿಗೆ ಹೇಳಿ.

ಕೊರೊನಾ ಲಸಿಕೆಯ ಬಗ್ಗೆ ಈಗಲೂ ಕೇಳುತ್ತಾರೆ. ಮೊಬೈಲಿನಲ್ಲಿ ಓಡಾಡಿದ "ತಲೆಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ" ಎಂಬ ಸುದ್ದಿಯಲ್ಲಿ ಒಂದು ಎಳೆ ನಿಜವಿದೆ. ಕೋವಿಶೀಲ್ಡ್ ಮಾದರಿಯ ಲಸಿಕೆ ಪಡೆದವರಲ್ಲಿ ಬಹಳ ಅಪರೂಪವಾಗಿ, ಕೆಲವು ದಿನಗಳಿಂದ ಕೆಲವು ವಾರಗಳೊಳಗೆ, ಬಿಡದ ತಲೆನೋವಿನೊಂದಿಗೆ ಅಂಥ ತೊಂದರೆ ಕಾಣಿಸಿದ್ದು ಹೌದು. ಆದರೆ ನಮ್ಮ ಮಕ್ಕಳಿಗೆ ಆ ಲಸಿಕೆಯನ್ನು ಕೊಡಲಿಲ್ಲ. 2022ರ ಜನವರಿ 3ರಿಂದ 15 ದಾಟಿದ ಹದಿಹರೆಯದವರಿಗೆ ಕೊಟ್ಟದ್ದು ಕೋವ್ಯಾಕ್ಸಿನ್, ಮಾರ್ಚ್ 16ರಿಂದ 12 ದಾಟಿದವರಿಗೆ ಕೊಟ್ಟದ್ದು ಕೋರ್ಬೆವ್ಯಾಕ್ಸ್. ಇಂದು ನಿಮ್ಮ ಮಗುವಿಗೆ ಬರುವ ತಲೆನೋವನ್ನು ಅಂದಿನ ಸೂಜಿಗೆ ಗಂಟು ಹಾಕಿ ಕೊರಗಬೇಡಿ. ಬಿಡದ ನೋವಾದರೆ ಅದರ ಇಂದಿನ ಕಾರಣವನ್ನು ಹುಡುಕಿಸಿ.

ಸೋಂಕಿನ ತಲೆನೋವು

ಶೀತಜ್ವರದ ತಲೆನೋವು ಎಲ್ಲರಿಗೂ ಗೊತ್ತು. ಮೂಗು ಸೋರುತ್ತದೆ, ಗಂಟಲು ಕೆರೆಯುತ್ತದೆ, ಜ್ವರ ಏರಿದಾಗ ತಲೆ ನೋಯುತ್ತದೆ, ಜ್ವರ ಇಳಿದಾಗ ನೋವೂ ಇಳಿದು ಮಗು ಸ್ವಲ್ಪ ಆಡುತ್ತದೆ. ಈ ಏರಿಳಿತವೇ ಸಮಾಧಾನದ ಗುರುತು. ಕೊಟ್ಟೂರೇಶ್ವರನ ತೇರು ಮುಗಿದ ವಾರ ಇಂಥ ಮಕ್ಕಳು ಸಾಲುಗಟ್ಟಿ ಬರುತ್ತಾರೆ. ಜನಜಂಗುಳಿಯಲ್ಲಿ ಹರಡಿದ ವೈರಸ್, ಧೂಳು, ಬಿಸಿಲು, ನಿದ್ದೆಗೆಟ್ಟ ರಾತ್ರಿ, ಸಾಲದ ನೀರು ಎಲ್ಲವೂ ಸೇರಿ ತಲೆ ಹಿಡಿದಿರುತ್ತದೆ.

ಡೆಂಗಿಯ ತಲೆನೋವು ಹಣೆಯಲ್ಲಿ, ಕಣ್ಣಿನ ಹಿಂದೆ. ಜ್ವರ ಒಮ್ಮೆಗೇ ಏರುತ್ತದೆ, ಮೈಕೈ ಮುರಿದಂತಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ನೀರಿನ ಅಭಾವದ ನಮ್ಮ ಊರುಗಳಲ್ಲಿ ಡ್ರಮ್ಮು, ತೊಟ್ಟಿಗಳಲ್ಲಿ ವಾರಗಟ್ಟಲೆ ನೀರು ತುಂಬಿಡುತ್ತೇವೆ. ಹಗಲು ಕಚ್ಚುವ ಡೆಂಗಿ ಸೊಳ್ಳೆಗೆ ಅದೇ ತವರು. ಡೆಂಗಿಯಲ್ಲಿ ಮೋಸ ಹೋಗುವುದು ಜ್ವರ ಬಿಟ್ಟ ದಿನ. ಮೂರರಿಂದ ಏಳನೆಯ ದಿನದ ನಡುವೆ ಜ್ವರ ಇಳಿಯಿತೆಂದು ನಿಟ್ಟುಸಿರು ಬಿಡುವ ಹೊತ್ತಿಗೇ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ತಣ್ಣನೆಯ ಕೈಕಾಲು ಕಾಣಿಸಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಗುಳೆ ಹೋಗಿ ಬಂದ ಮನೆಯವರಿಗೆ ಒಂದು ಮಾತು. ನಮ್ಮ ತಾಲ್ಲೂಕುಗಳಿಂದ ಬಹಳ ಕುಟುಂಬಗಳು ಮಲೆನಾಡಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುತ್ತವೆ. ಚಳಿಗಾಲದಿಂದ ಬೇಸಿಗೆಯವರೆಗೆ ಅಲ್ಲಿಂದ ಬಂದ ಮೇಲೆ ದೊಡ್ಡವರಿಗಾಗಲಿ ಮಕ್ಕಳಿಗಾಗಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತೀವ್ರ ತಲೆನೋವು, ಸೊಂಟನೋವು ಬಂದರೆ "ನಾವು ಮಲೆನಾಡಿನಾಗ ಇದ್ವಿ" ಎಂದು ವೈದ್ಯರಿಗೆ ಮೊದಲೇ ಹೇಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಶುರುವಾಗುವುದು ಹೀಗೆಯೇ.

ಕೆನ್ನೆ ಊದುವ ಮಂಗಬಾವು ಬಹುತೇಕ ತಾನಾಗಿ ವಾಸಿಯಾಗುತ್ತದೆ. ಆದರೆ ಆ ವೈರಸ್ ಕೆಲವು ಮಕ್ಕಳಲ್ಲಿ ಮಿದುಳ ಪೊರೆಯನ್ನು ಮುಟ್ಟಿ ತಲೆನೋವು, ವಾಂತಿ, ಕತ್ತು ಬಿಗಿತ ತರುತ್ತದೆ. ಸರ್ಕಾರಿ ವೇಳಾಪಟ್ಟಿಯ ಲಸಿಕೆಯಲ್ಲಿ ಇರುವುದು ದಡಾರ ಮತ್ತು ರುಬೆಲ್ಲಾ ಎರಡೇ. ಮಂಗಬಾವಿನದೂ ಸೇರಿದ ಲಸಿಕೆ ಬೇಕಿದ್ದರೆ ನಿಮ್ಮ ಮಕ್ಕಳ ವೈದ್ಯರನ್ನು ಕೇಳಿ.

ನಮ್ಮ ಸೀಮೆ ಕಂಡ ದೊಡ್ಡ ತಲೆನೋವು

ಇಷ್ಟೆಲ್ಲ ಹೇಳಿದರೂ "ಒಂದು ರಾತ್ರಿ ಮಗು ನರಳೋದಾದ್ರೆ ಆ ಸೂಜಿಯೇ ಬೇಡ" ಎನ್ನುವ ಅಜ್ಜಿಯರಿದ್ದಾರೆ. ಅವರಿಗೆ ನಾನು ಮಿದುಳು ಜ್ವರದ ಮಾತು ಹೇಳುತ್ತೇನೆ.

ಜಪಾನೀಸ್ ಎನ್ಸೆಫಲೈಟಿಸ್ ಎಂದು ಕರೆಯುವ ಈ ಕಾಯಿಲೆಯ ವೈರಸ್ ನೀರುಹಕ್ಕಿಗಳಲ್ಲೂ ಹಂದಿಗಳಲ್ಲೂ ಇರುತ್ತದೆ. ನೀರು ನಿಂತ ಭತ್ತದ ಗದ್ದೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಸಂಜೆ ಹೊತ್ತು, ರಾತ್ರಿ ಮನುಷ್ಯರಿಗೆ ದಾಟಿಸುತ್ತದೆ. ತುಂಗಭದ್ರಾ ಕಾಲುವೆ ಹರಿದ ಮೇಲೆ ಬಳ್ಳಾರಿ, ರಾಯಚೂರು, ಕೊಪ್ಪಳದ ಬಯಲಿನಲ್ಲಿ ಭತ್ತವೂ ಹೆಚ್ಚಿತು, ಆ ಸೊಳ್ಳೆಗೆ ಎಡೆಯೂ ಸಿಕ್ಕಿತು. ಸೋಂಕು ತಗುಲಿದ ಬಹುತೇಕರಿಗೆ ಏನೂ ಆಗುವುದಿಲ್ಲ. ಸುಮಾರು 250ರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಉಲ್ಬಣಿಸುತ್ತದೆ: ಜ್ವರ, ತಲೆನೋವು, ವಾಂತಿ, ಎರಡು-ಮೂರು ದಿನದಲ್ಲಿ ಮಂಕು, ಫಿಟ್ಸ್, ಪ್ರಜ್ಞೆ ತಪ್ಪುವುದು. ಹಾಗೆ ಮಿದುಳು ಬಾತವರಲ್ಲಿ ಹತ್ತಕ್ಕೆ ಮೂವರವರೆಗೂ ಸಾಯುತ್ತಾರೆ. ಉಳಿದವರಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದಷ್ಟು ಮಂದಿಗೆ ಮಾತು, ನಡಿಗೆ, ಬುದ್ಧಿಯಲ್ಲಿ ಕುಂದು ಉಳಿದುಬಿಡುತ್ತದೆ. ವೈರಸ್ಸನ್ನು ಕೊಲ್ಲುವ ಔಷಧ ಇಂದಿಗೂ ಇಲ್ಲ. ಸೊಳ್ಳೆಯಿಂದ ಕಾಪಾಡಿಕೊಳ್ಳುವುದು ಮತ್ತು ಲಸಿಕೆ, ಎರಡೇ ದಾರಿ.

2005ರಲ್ಲಿ ಉತ್ತರ ಪ್ರದೇಶದ ಗೋರಖಪುರದ ಸುತ್ತ ಈ ಜ್ವರ ಸಾವಿರಕ್ಕೂ ಹೆಚ್ಚು ಜೀವ ತೆಗೆದಾಗ ದೇಶ ಎಚ್ಚೆತ್ತಿತು. ಮರುವರ್ಷವೇ, 2006ರಲ್ಲಿ, ನಾಲ್ಕು ರಾಜ್ಯಗಳ 11 ಜಿಲ್ಲೆಗಳನ್ನು ಆರಿಸಿ 1ರಿಂದ 15 ವರ್ಷದ ಮಕ್ಕಳಿಗೆಲ್ಲ ಲಸಿಕೆ ಹಾಕಿದರು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ಒಂದೇ ಜಿಲ್ಲೆ, ನಮ್ಮ ಬಳ್ಳಾರಿ. ಇಂದು ನಾವಿರುವ ವಿಜಯನಗರ ಜಿಲ್ಲೆ ಆಗಿನ್ನೂ ಹುಟ್ಟಿರಲಿಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಬಳ್ಳಾರಿಯಲ್ಲಿದ್ದವು, ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿಗೆ ಸೇರಿತ್ತು, ಹರಪನಹಳ್ಳಿ ದಾವಣಗೆರೆಯ ಲೆಕ್ಕದಲ್ಲಿತ್ತು.

ಆಗಲೂ ಜ್ವರ, ತಲೆನೋವಿನ ದೂರು ಬಂದವು. ಲಸಿಕೆಯ ನಂತರ ಗಂಭೀರ ತೊಂದರೆಯಾಯಿತೆಂಬ ವರದಿಗಳೂ ದೇಶದ ಕೆಲವೆಡೆಯಿಂದ ಬಂದವು. ಕೇಂದ್ರ ಸರ್ಕಾರ ತಜ್ಞರ ಸಮಿತಿಯಿಂದ ಅವನ್ನು ಪರಿಶೀಲಿಸಿತು. ಲಸಿಕೆಯೇ ನೇರ ಕಾರಣವೆಂಬುದು ಸಾಬೀತಾಗಲಿಲ್ಲ. ದೂರು ಬಂದಾಗ ಅದನ್ನು ಮುಚ್ಚಿಡದೆ ತನಿಖೆ ಮಾಡುವ ಕ್ರಮವಿರುವುದರಿಂದಲೇ ಲಸಿಕೆಯನ್ನು ನಾನು ನಂಬಿಕೆಯಿಂದ ಹಾಕಿಸಿ ಎನ್ನುತ್ತೇನೆ. ನಿಮ್ಮ ಮಗುವಿಗೆ ಲಸಿಕೆಯ ನಂತರ ಏನೇ ಆದರೂ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಅದು ನಿಮ್ಮ ಹಕ್ಕು.

ಈಗ ಈ ಲಸಿಕೆ ನಮ್ಮಲ್ಲಿ ವೇಳಾಪಟ್ಟಿಯಲ್ಲೇ ಇದೆ: 9 ತಿಂಗಳು ತುಂಬಿದಾಗ ಮೊದಲನೆಯದು, 16ರಿಂದ 24 ತಿಂಗಳ ನಡುವೆ ಎರಡನೆಯದು. ಈ ಜ್ವರಕ್ಕೆ ಭಾರತದಲ್ಲೇ ತಯಾರಾದ ಜೆನ್‌ವ್ಯಾಕ್ ಲಸಿಕೆಯ ಮೂಲ ವೈರಸ್ ಸಿಕ್ಕಿದ್ದು ನಮ್ಮ ಕೋಲಾರದಲ್ಲಿ, 1981ರಲ್ಲಿ. ಕನ್ನಡ ನಾಡಿನ ಒಂದು ಜಿಲ್ಲೆಯ ಮಕ್ಕಳ ಸಂಕಟ ದೇಶದ ಎಷ್ಟೋ ಮಕ್ಕಳಿಗೆ ರಕ್ಷಣೆಯಾಯಿತು. ಗುಳೆ ಹೋಗುವಾಗ ಎರಡನೆಯ ಸೂಜಿ ತಪ್ಪುವುದೇ ಹೆಚ್ಚು. ತಾಯಿ ಕಾರ್ಡನ್ನು ಬಟ್ಟೆಗಂಟಿನಲ್ಲಿ ಕಟ್ಟಿಕೊಂಡು ಹೋಗಿ. ನೀವಿರುವ ಊರಿನಲ್ಲೇ ಹಾಕಿಸಬಹುದು.

ಮನೆಯಲ್ಲಿ ಏನು ಮಾಡಬೇಕು?

ಮೊದಲು ನೀರು, ಮಜ್ಜಿಗೆ, ಗಂಜಿ, ಕೂಸಾದರೆ ಎದೆಹಾಲು. ಗಾಳಿಯಾಡುವ, ಬೆಳಕು ಕಡಿಮೆಯಿರುವ ಕೋಣೆಯಲ್ಲಿ ಮಲಗಿಸಿ, ಮೊಬೈಲು ತೆಗೆದಿಡಿ. ಹಣೆಗೆ ಒದ್ದೆ ಬಟ್ಟೆ ಹಿತ ಕೊಡುತ್ತದೆ.

ಮಗು ನರಳುತ್ತಿದ್ದರೆ ಪ್ಯಾರಾಸಿಟಮಾಲ್ ಸಾಕು. ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಕಿಲೋಗೆ 10ರಿಂದ 15 ಮಿಲಿಗ್ರಾಂ. 10 ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ 100ರಿಂದ 150 ಮಿಲಿಗ್ರಾಂ. ಅಂಗಡಿಯಲ್ಲಿ ಎರಡು ಬಲದ ಸಿರಪ್ ಸಿಗುತ್ತದೆ. ಅದೇ 10 ಕಿಲೋ ಮಗುವಿಗೆ, 5 ಮಿಲಿಯಲ್ಲಿ 120 ಮಿಲಿಗ್ರಾಂ ಇದ್ದರೆ 5 ಮಿಲಿ, 5 ಮಿಲಿಯಲ್ಲಿ 250 ಮಿಲಿಗ್ರಾಂ ಇದ್ದರೆ 2.5 ಮಿಲಿ ಕೊಡಬೇಕು. ಬಾಟಲಿಯ ಮೇಲಿನ ಅಂಕಿ ಓದದೆ ಚಮಚ ಎತ್ತಬೇಡಿ. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಡ. ಸೂಜಿಗೆ ಮುಂಚೆಯೇ ಕೊಡುವ ಅಗತ್ಯವಿಲ್ಲ. ಆರು ವಾರದ ಕೂಸಿಗೆ ಲಸಿಕೆ ಹಾಕಿದ ಆರೋಗ್ಯ ಸಹಾಯಕಿ ಹೇಳಿದ ಅಳತೆಯಷ್ಟೇ ಕೊಡಿ.

ಕೊಡಬಾರದ್ದೂ ಇದೆ. ಮನೆಯ ದೊಡ್ಡವರು ನೀರಿಗೆ ಹಾಕಿ ಕುಡಿಯುವ ಆಸ್ಪಿರಿನ್ ಗುಳಿಗೆ ಮಕ್ಕಳಿಗೆ ಬೇಡವೇ ಬೇಡ. ವೈರಲ್ ಜ್ವರದಲ್ಲಿ ಅದು ಯಕೃತ್ತು, ಮಿದುಳಿಗೆ ಮಾರಕವಾಗಬಲ್ಲದು. ಡೆಂಗಿಯ ಅನುಮಾನವಿದ್ದರೆ ಐಬುಪ್ರೊಫೆನ್ ಕೂಡ ಬೇಡ. ನಿಮೆಸುಲೈಡನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಸರ್ಕಾರವೇ 2011ರಲ್ಲಿ ನಿಷೇಧಿಸಿದೆ. "ಬೇಗ ಇಳೀಲಿ, ಒಂದು ಸೂಜಿ ಹಾಕ್ರಿ" ಎಂದು ಒತ್ತಾಯಿಸಬೇಡಿ. ವೈರಸ್ಸಿಗೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ದೃಷ್ಟಿ ತೆಗೆಯುವುದರಿಂದ ನಿಮ್ಮ ಮನಸ್ಸಿಗೆ ನೆಮ್ಮದಿ ಸಿಗುವುದಾದರೆ ತೆಗೆಯಿರಿ, ಆದರೆ ಅದಕ್ಕಾಗಿ ಆಸ್ಪತ್ರೆಯ ಹೊತ್ತು ಕಳೆಯಬೇಡಿ. ಮಗುವಿನ ಮೈಗೆ ಬರೆ ಮಾತ್ರ ಎಂದಿಗೂ ಹಾಕಬೇಡಿ. ನೋವಿನ ಮೇಲೆ ನೋವು, ಗಾಯದಿಂದ ಹೊಸ ಸೋಂಕು, ಅಷ್ಟೇ ಅದರ ಫಲ.

ಕಾಯದೆ ಹೊರಡಬೇಕಾದ ಗುರುತುಗಳು

ಲಸಿಕೆಯ ನಂತರವಾಗಲಿ ಜ್ವರದಲ್ಲಾಗಲಿ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕೂರಬೇಡಿ:

• ಗದ್ದವನ್ನು ಎದೆಗೆ ತಾಗಿಸಲು ಆಗದಷ್ಟು ಕತ್ತು ಬಿಗಿತ
• ಮಂಕು, ತೊದಲು, ಗುರುತು ಹಿಡಿಯದಿರುವುದು, ಎಬ್ಬಿಸಿದರೂ ಏಳದಿರುವುದು
• ಫಿಟ್ಸ್, ಕೈಕಾಲಿನ ಬಲಹೀನತೆ, ಒಂದು ವಸ್ತು ಎರಡಾಗಿ ಕಾಣುವುದು, ಬೆಳಕು ನೋಡಲಾಗದಿರುವುದು
• ನಿಲ್ಲದ ವಾಂತಿ. ನಸುಕಿನಲ್ಲಿ ನಿದ್ದೆಯಿಂದ ಎಬ್ಬಿಸುವ ತಲೆನೋವು
• ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು, ನೇರಳೆ ಚುಕ್ಕೆ
• ಕೂಸಾದರೆ ಉಬ್ಬಿದ ನೆತ್ತಿ, ಕೀರಲು ಅಳು, ಹಾಲು ಬಿಡುವುದು
• ಮೂರು ತಿಂಗಳೊಳಗಿನ ಕೂಸಿಗೆ ಲಸಿಕೆ ಹಾಕಿಸದೆಯೂ ಬಂದ ಜ್ವರ
• ಸೂಜಿಯಾದ ಕೆಲವೇ ಹೊತ್ತಿನಲ್ಲಿ ಮುಖ ಊತ, ಮೈತುಂಬ ದದ್ದು, ಉಸಿರಾಟಕ್ಕೆ ಕಷ್ಟ
• ಮೂರು ದಿನ ದಾಟಿಯೂ ಇಳಿಯದ, ಅಥವಾ ದಿನದಿಂದ ದಿನಕ್ಕೆ ಏರುವ ತಲೆನೋವು

108ಕ್ಕೆ ಕರೆ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ. ಹೋಗಬೇಕೋ ಬೇಡವೋ ಎಂಬ ಗೊಂದಲವಿದ್ದರೆ 104ರ ಆರೋಗ್ಯ ಸಹಾಯವಾಣಿಯನ್ನು ಕೇಳಬಹುದು. ಫಿಟ್ಸ್ ಬಂದ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ನೀರು, ಕೈಗೆ ಕಬ್ಬಿಣ ಬೇಡ.

ಹೊಸಪೇಟೆಗೋ ಬಳ್ಳಾರಿಗೋ ದಾವಣಗೆರೆಗೋ ಕಳಿಸಿದಾಗ ಅಲ್ಲಿನ ವೈದ್ಯರು ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕು ಎನ್ನಬಹುದು. "ಬೆನ್ನಿನ ನೀರು ತೆಗೆದ್ರ ಸೊಂಟ ಬಿದ್ದು ಹೊಕ್ಕೈತಿ" ಎಂದು ಎಷ್ಟೋ ಜನ ಒಪ್ಪದೆ ಮಗುವನ್ನು ಹಿಂದಕ್ಕೆ ಕರೆದುಕೊಂಡು ಹೋಗುತ್ತಾರೆ. ನನಗೆ ಬಹಳ ದುಃಖ ಕೊಡುವ ಮಾತಿದು. ಸೂಜಿ ಹಾಕುವುದು ಮಿದುಳುಬಳ್ಳಿ ಮುಗಿದ ಜಾಗದ ಕೆಳಗೆ. ತೆಗೆಯುವುದು ಕೆಲವೇ ಹನಿ, ಮೈ ಅದನ್ನು ಗಂಟೆಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಒಂದೆರಡು ದಿನ ತಲೆನೋವೋ ಬೆನ್ನುನೋವೋ ಇರಬಹುದು. ವೈರಸ್ಸಿನ ಸೋಂಕೋ, ತಕ್ಷಣ ಔಷಧ ಬೇಕಾದ ಬ್ಯಾಕ್ಟೀರಿಯಾದ ಸೋಂಕೋ ಎಂದು ಆ ಹನಿಗಳೇ ಹೇಳಬೇಕು. ಒಪ್ಪಿಗೆ ಕೊಡಿ.

ಕೊನೆಯದಾಗಿ

2006ರಲ್ಲಿ ಸೂಜಿ ಹಾಕಿಸಿಕೊಂಡ 1ರಿಂದ 15 ವರ್ಷದ ಮಕ್ಕಳು ಎಲ್ಲಿದ್ದಾರೆ? ಇಂದು ನನ್ನೆದುರು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುವ ತಾಯಿ-ತಂದೆ ಬಹುಪಾಲು ಅವರೇ. ತೋಳು ಚಾಚಿದ ಆ ದಿನದ ರಾತ್ರಿ ಅವರಿಗೂ ತಲೆನೋವು ಬಂದಿರಬಹುದು, ಅವರ ಅಮ್ಮನೂ ಹಣೆಗೆ ಒದ್ದೆ ಬಟ್ಟೆ ಹಾಕಿ ಎಚ್ಚರ ಕೂತಿರಬಹುದು. ಅವರಿಗೆ ಅದೊಂದೂ ನೆನಪಿಲ್ಲ.

ಮುಂದಿನ ಗುರುವಾರ ಸೂಜಿ ಹಾಕಿಸಿದ ಮೇಲೆ ತಾಯಿ ಕಾರ್ಡಿನ ಅಂಚಿನಲ್ಲಿ ಗಂಟೆ ಬರೆದುಕೊಳ್ಳಿ. ಜ್ವರವೋ ತಲೆನೋವೋ ಬಂದರೆ ಅದರ ಗಂಟೆ, ಕೊಟ್ಟ ಔಷಧದ ಗಂಟೆ, ಮಗು ಮತ್ತೆ ಆಡಲು ಹೋದ ಗಂಟೆ, ಎಲ್ಲವನ್ನೂ ಅದರ ಕೆಳಗೇ ಬರೆಯಿರಿ. ಆಡಲು ಹೋದ ಗಂಟೆ ಬರೆದಿದ್ದರೆ ನೀವು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು. ಮೂರನೆಯ ದಿನವೂ ಆ ಜಾಗ ಖಾಲಿ ಉಳಿದಿದ್ದರೆ ಕಾರ್ಡು ಹಿಡಿದು ಹೊರಡಿ.